ಹಾಯಿದೋಣಿ ಮಾತು ಕೇಳದಿದ್ದಾಗ: ದೋಷ ಯಾವುದು, ಸ್ವಭಾವ ಯಾವುದು

ಮುಂಬಯಿಯಲ್ಲಿ ಹಾಯಿದೋಣಿಯ ಹಂಗಾಮು ಮಳೆ ನಿಂತ ಮೇಲೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಹಳೆಯದೊಂದು ಕ್ರೂಸಿಂಗ್ (ರೇಸಿಗಲ್ಲದೆ ವಿಹಾರಕ್ಕೆ ಮಾಡಿದ) ದೋಣಿಯನ್ನು ನಾಲ್ಕು ಜನ ಪಾಲು ಹಾಕಿಕೊಂಡು ಕೊಂಡು, ಭಾನುವಾರ ಗೇಟ್‌ವೇಯಿಂದ ಬಂದರಿನಾಚೆಯ ಮಾಂಡ್ವಾಕ್ಕೆ ಹೋಗಿಬರುವ ಕನ್ನಡದವರು ಇಲ್ಲಿದ್ದಾರೆ. ಗೋವಾದಲ್ಲಿ ಮಾಂಡೋವಿ, ಝುವಾರಿ ನದಿಗಳ ಬಾಯಲ್ಲಿ ಓಡಿಸುವವರೂ ಇದ್ದಾರೆ. ಇವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ: ಚುಕ್ಕಾಣಿ ಕೈ ಕೀಳುತ್ತದೆ, ದೋಣಿ ಓಡುವುದಿಲ್ಲ, ಗಾಳಿಯ ಕಡೆಗೆ ಏರುವುದಿಲ್ಲ (ಗಾಳಿ ಬರುವ ದಿಕ್ಕಿಗೆ ಓರೆಯಾಗಿ ಮುಂದೆ ಹೋಗುವುದಿಲ್ಲ), ಸುಮ್ಮಸುಮ್ಮನೆ ವಾಲುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕುಬಿಡುವುದು ಸುಲಭ. ಆದರೆ ನೆಲ ನಿಜವಾಗಿಯೇ ಡೊಂಕಾಗಿರುವುದೂ ಉಂಟು.

ಹಾಗಾಗಿ ಪ್ರತಿ ಲಕ್ಷಣಕ್ಕೂ ಕೇಳಬೇಕಾದ್ದು ಇಷ್ಟೇ. ಇದು ವಿನ್ಯಾಸದಿಂದ ಬಂದ ಸ್ವಭಾವವೇ, ನಾವು ಹಾಯಿ ಕಟ್ಟಿದ ರೀತಿಯೇ, ಇಲ್ಲ ಏನೋ ಸವೆದು ಮುರಿದಿದೆಯೇ? ಮೊದಲನೆಯದಕ್ಕೆ ಮದ್ದಿಲ್ಲ, ಒಗ್ಗಿಕೊಳ್ಳಬೇಕು. ಎರಡನೆಯದಕ್ಕೆ ಕಾಸು ಖರ್ಚಿಲ್ಲ. ಮೂರನೆಯದಕ್ಕೆ ಮಾತ್ರ ಜೇಬಿಗೆ ಕೈ ಹಾಕಬೇಕು. ಬಹಳ ಜನ ಮೂರನೆಯದರಿಂದಲೇ ಶುರು ಮಾಡುತ್ತಾರೆ.

ಬಿಚ್ಚುವ ಮೊದಲು ದೋಣಿಯ ಜಾತಕ ನೋಡಿ

ಒಂದು ಹಾಳೆಯಲ್ಲಿ ಇಷ್ಟು ಬರೆದಿಡಿ: ನೀರಿಗೆ ತಾಗುವ ಮೈಯ ಉದ್ದ, ಒಟ್ಟು ತೂಕ, ಅದರಲ್ಲಿ ಕೀಲ್‌ನ (ತಳದಿಂದ ನೀರಿಗೆ ಇಳಿದ ಭಾರದ ಭಾಗ) ತೂಕ ಎಷ್ಟು, ಕೀಲ್ ಎಷ್ಟು ಆಳ, ಅದು ಉದ್ದ ಕೀಲೋ ಫಿನ್ ಕೀಲೋ, ಚುಕ್ಕಾಣಿ ಹಿಂದಿನ ಹಲಗೆಗೆ ತೂಗಿದೆಯೋ ತಳದಡಿ ಒಂಟಿಯಾಗಿ ನಿಂತಿದೆಯೋ.

ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ವರ್ಗಮೂಲ ತೆಗೆದು, 1.34ರಿಂದ ಗುಣಿಸಿದರೆ ದೋಣಿಯ ಸಹಜ ಗರಿಷ್ಠ ವೇಗ ನಾಟ್‌ನಲ್ಲಿ (ಗಂಟೆಗೆ ಒಂದು ನಾಟಿಕಲ್ ಮೈಲು) ಸಿಗುತ್ತದೆ. 24 ಅಡಿಗೆ ಸುಮಾರು 6.5, 30 ಅಡಿಗೆ 7.3. ಭಾರದ ದೋಣಿ ತಾನೇ ಎಬ್ಬಿಸಿದ ಅಲೆಯ ಉಬ್ಬು ತಗ್ಗಿನ ನಡುವೆ ಸಿಕ್ಕಿಕೊಳ್ಳುವುದರಿಂದ ಈ ಮಿತಿ. ಅದನ್ನು ದಾಟಿಸಲು ಎಷ್ಟು ಹಾಯಿ ಏರಿಸಿದರೂ ವಾಲುವುದು ಹೆಚ್ಚುತ್ತದೆಯೇ ಹೊರತು ಓಟವಲ್ಲ.

ಮೂತಿಯಿಂದ ಹಿಂಬದಿಯವರೆಗೆ ಹರಿದ ಉದ್ದ ಕೀಲ್ ದಾರಿ ಬಿಡದೆ ನೇರ ಹೋಗುತ್ತದೆ, ನಿಧಾನ ತಿರುಗುತ್ತದೆ. ನಡುವೆ ರೆಕ್ಕೆಯಂತೆ ಇಳಿದ ಫಿನ್ ಕೀಲ್ ಚುರುಕು, ಗಾಳಿಗೆ ಚೆನ್ನಾಗಿ ಏರುತ್ತದೆ, ಆದರೆ ಚುಕ್ಕಾಣಿ ಬಿಟ್ಟು ಚಹಾ ಮಾಡಲು ಒಳಗೆ ಹೋದರೆ ಅಲೆದಾಡುತ್ತದೆ. ನೌಕಾಪಡೆಯಲ್ಲಿದ್ದ ನಮ್ಮ ಅಭಿಲಾಷ್ ಟೋಮಿ 2022ರಲ್ಲಿ ಶುರುವಾದ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಎರಡನೆಯವರಾಗಿ ಮುಗಿಸಿದ್ದು 36 ಅಡಿಯ ಉದ್ದ ಕೀಲ್‌ನ 'ಬಯಾನತ್' ದೋಣಿಯಲ್ಲಿ. ಆ ಸ್ಪರ್ಧೆಯ ನಿಯಮವೇ ಹಳೆಯ ವಿನ್ಯಾಸದ ಉದ್ದ ಕೀಲ್ ಕೇಳುತ್ತದೆ. ಆತ 2012–13ರಲ್ಲಿ ಮುಂಬಯಿಯಿಂದ ಹೊರಟು ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಮುಂಬಯಿಗೇ ಮರಳಿದ 'ಮಾದೇಯಿ' 56 ಅಡಿಯದು, ಗೋವಾದ ದಿವಾರ್ ದ್ವೀಪದಲ್ಲಿ ಕಟ್ಟಿದ್ದು. ಎರಡೂ ಸಾಗರ ದಾಟುವ ದೋಣಿಗಳೇ, ಆದರೆ ಒಂದರ ನಡತೆಯನ್ನು ಇನ್ನೊಂದರಿಂದ ನಿರೀಕ್ಷಿಸುವಂತಿಲ್ಲ. ನಿಮ್ಮ ದೋಣಿಯನ್ನು ಪಕ್ಕದ ಮೂರಿಂಗ್‌ನ (ದೋಣಿ ಕಟ್ಟಿ ನಿಲ್ಲಿಸುವ ಜಾಗ) ರೇಸಿಂಗ್ ದೋಣಿಗೆ ಹೋಲಿಸಿ ಬೇಸರಪಡುವ ಮೊದಲು ಈ ಹಾಳೆ ಒಮ್ಮೆ ನೋಡಿ.

ಲಕ್ಷಣ: ಚುಕ್ಕಾಣಿ ಕೈ ಎಳೆಯುತ್ತದೆ, ಮೂತಿ ಗಾಳಿಯತ್ತ ತಿರುಗುತ್ತಲೇ ಇರುತ್ತದೆ

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು ಇದು, ಎಲ್ಲಕ್ಕಿಂತ ಹೆಚ್ಚು ತಪ್ಪು ರಿಪೇರಿ ಆಗುವುದೂ ಇದರಲ್ಲೇ. ಸ್ವಲ್ಪ ಎಳೆತ ಇರಲೇಬೇಕು. ಕೈ ತಪ್ಪಿದರೆ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲಲಿ ಎಂದು ವಿನ್ಯಾಸಕಾರರು ಬೇಕೆಂದೇ ಇಟ್ಟ ಗುಣ ಅದು. ಎಷ್ಟು ಎಂಬುದೇ ಪ್ರಶ್ನೆ.

ಅಂದಾಜು ಬೇಡ, ಅಳೆಯಿರಿ. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೋಲು, ಒಂದು ಮೀಟರ್ ಉದ್ದವಿದ್ದರೆ, ಅದರ ತುದಿ ನಡುಗೆರೆಯಿಂದ ಒಂಬತ್ತು ಸೆಂಟಿಮೀಟರ್ ಸರಿದಾಗ ಚುಕ್ಕಾಣಿ ಐದು ಡಿಗ್ರಿ, ಹದಿನೇಳು ಸೆಂಟಿಮೀಟರ್ ಸರಿದಾಗ ಹತ್ತು ಡಿಗ್ರಿ ತಿರುಗಿರುತ್ತದೆ. ಕೂರುವ ಹಲಗೆಯ ಅಂಚಿಗೆ ಬಣ್ಣದ ಟೇಪ್ ಅಂಟಿಸಿ ಈ ಗುರುತು ಮಾಡಿ. ಗಾಳಿಗೆ ಏರುವಾಗ ಮೂರರಿಂದ ಐದು ಡಿಗ್ರಿ ಒಳ್ಳೆಯದು. ಹತ್ತು ದಾಟಿದರೆ ಚುಕ್ಕಾಣಿ ಬ್ರೇಕಿನ ಕೆಲಸ ಮಾಡುತ್ತಿದೆ ಎಂದರ್ಥ. ವ್ಹೀಲ್ ಇದ್ದವರು ವ್ಹೀಲ್ ನೋಡಿ ಅಳೆಯಬೇಡಿ. ಹಿಂಬದಿಯ ಮುಚ್ಚಳ ತೆಗೆದು ಚುಕ್ಕಾಣಿಯ ದಂಡದ ಮೇಲೇ ಗುರುತು ಹಾಕಿ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಚುಕ್ಕಾಣಿ ಭಾರವಾಗಿರುವುದು ಬೇರೆ, ಓರೆಯಾಗಿರುವುದು ಬೇರೆ. ಹಿಂದಿನ ಹಲಗೆಗೆ ತೂಗಿದ ಹಳೆಯ ಚುಕ್ಕಾಣಿ ಮೂರು ಡಿಗ್ರಿಗೇ ತೋಳು ನೋಯಿಸುತ್ತದೆ. ತಳದಡಿ ಒಂಟಿಯಾಗಿ ನಿಂತ ಸಮತೂಕದ ಚುಕ್ಕಾಣಿ ಹನ್ನೆರಡು ಡಿಗ್ರಿ ಓರೆಯಾಗಿದ್ದರೂ ಎರಡು ಬೆರಳಲ್ಲಿ ನಿಲ್ಲುತ್ತದೆ. ಭಾರವಿದೆ, ಓರೆಯಿಲ್ಲ ಎಂದಾದರೆ ನೀರು ನಿಂತ ಹೊತ್ತಿನಲ್ಲಿ, ಉಬ್ಬರವೂ ಇಳಿತವೂ ಇಲ್ಲದ ಕಾಲು ಗಂಟೆಯಲ್ಲಿ, ಮೂರಿಂಗ್‌ನಲ್ಲೇ ಟಿಲ್ಲರನ್ನು ಆಚೀಚೆ ಆಡಿಸಿ. ಆಗಲೂ ಬಿಗಿಯಾಗಿದ್ದರೆ ತೊಂದರೆ ಹಾಯಿಯದಲ್ಲ, ದಂಡ ಕೂರುವ ಬುಶ್‌ನದು. ನೈಲಾನ್ ಬುಶ್ ವರ್ಷಗಟ್ಟಲೆ ನೀರು ಕುಡಿದು ಊದಿಕೊಳ್ಳುತ್ತದೆ.

ಓರೆ ಹೆಚ್ಚಿದೆ ಎಂದು ಖಚಿತವಾದರೆ ಪರೀಕ್ಷೆ ಹೀಗೆ ಸಾಗಲಿ. ಮೊದಲು ವಾಲಿಕೆ ನೋಡಿ. ದೋಣಿ ವಾಲಿದಾಗ ಹಾಯಿ ತಳ್ಳುವ ಜಾಗ ನೀರಿನ ಮೇಲೆ ಹೊರಗೆ ಹೋಗುತ್ತದೆ, ನೀರು ತಡೆಯುವ ಜಾಗ ಇದ್ದಲ್ಲೇ ಇರುತ್ತದೆ. ಈ ಜೋಡಿ ಸೇರಿ ಮೂತಿಯನ್ನು ಗಾಳಿಯತ್ತ ತಿರುಗಿಸುತ್ತದೆ. ಆದ್ದರಿಂದ ಮೇನ್‌ಸೇಲ್‌ನ (ಕಂಬದ ಹಿಂದಿನ ದೊಡ್ಡ ಹಾಯಿ) ಟ್ರಾವೆಲರನ್ನು (ಹಾಯಿಯ ಹಗ್ಗ ಅಡ್ಡ ಸರಿಯುವ ಹಳಿಯ ಗಾಲಿ) ಗಾಳಿಯಿಂದ ಆಚೆಗೆ ಇಳಿಸಿ, ಸಾಲದಿದ್ದರೆ ಶೀಟ್ (ಹಾಯಿ ಎಳೆದು ಬಿಡುವ ಹಗ್ಗ) ಒಂದು ಮೊಳ ಸಡಿಲಿಸಿ. ಕುಂದಾಪುರ ಕಡೆಯ ದೋಣಿಯಾಳೊಬ್ಬರು ಇಂಥ ಹೊತ್ತಿನಲ್ಲಿ ಹೇಳುವ ಮಾತು, "ಚುಕ್ಕಾಣಿ ಹತ್ರ ಎಂತಕ್ಕೆ ಕುಸ್ತಿ ಮಾರಾಯ್ರೆ? ಹಾಯಿ ಸ್ವಲ್ಪ ಬಿಡಿ, ಅದೇ ನೆಟ್ಟಗಾಗ್ತದೆ." ಹತ್ತರಲ್ಲಿ ಏಳು ದೂರು ಇಲ್ಲಿಗೇ ಮುಗಿಯುತ್ತದೆ ಎಂಬುದು ನನ್ನ ಅಂದಾಜು.

ಮುಗಿಯದಿದ್ದರೆ ರೀಫ್ ಹಾಕಿ, ಅಂದರೆ ಮೇನ್‌ಸೇಲ್ ಒಂದು ಪಟ್ಟಿ ಮಡಚಿ ಕಟ್ಟಿ. ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ. ಹತ್ತು ನಾಟ್ ಗಾಳಿ ಹದಿನಾಲ್ಕಾದರೆ ಹಾಯಿಯ ಮೇಲಿನ ಭಾರ ಹೆಚ್ಚುಕಡಿಮೆ ಇಮ್ಮಡಿ. ಮಧ್ಯಾಹ್ನ ಎರಡರ ಮೇಲೆ ವಾಯವ್ಯದ ಕಡಲಗಾಳಿ ಬಲವಾಗುವುದು ಇಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಸರಿಯಿದ್ದ ಹಾಯಿಯೇ ಮಧ್ಯಾಹ್ನಕ್ಕೆ ಅತಿಯಾಗುತ್ತದೆ.

ಆಮೇಲೆ ತೂಕ. ಮೂತಿಯ ಪೆಟ್ಟಿಗೆಯಲ್ಲಿ ಎಂಟು ಮಿಲಿಮೀಟರ್ ಸರಪಳಿ ಐವತ್ತು ಮೀಟರ್ ಇದ್ದರೆ ಅದೇ ಎಪ್ಪತ್ತು ಕಿಲೋ. ಜೊತೆಗೆ ಎರಡು ಲಂಗರು, ಹಳೆಯ ಹಾಯಿ, ಯಾರೋ ಇಟ್ಟು ಮರೆತ ಡೀಸೆಲ್ ಕ್ಯಾನು. ಮೂತಿ ತಗ್ಗಿದರೆ ಮುಂದಿನ ಮೈ ನೀರನ್ನು ಹೆಚ್ಚು ಹಿಡಿಯುತ್ತದೆ, ದೋಣಿ ಗಾಳಿಯತ್ತ ತಿರುಗುವುದು ಇನ್ನೂ ಹೆಚ್ಚುತ್ತದೆ. ದೋಣಿಯನ್ನು ಪಕ್ಕದಿಂದ ಡಿಂಗಿಯಲ್ಲಿ (ಪುಟ್ಟ ದೋಣಿ) ಕೂತು ನೋಡಿ. ನೀರುಗೆರೆಯ ಬಣ್ಣದ ಪಟ್ಟಿ ಹಿಂದೆ ಕಾಣಿಸಿ ಮುಂದೆ ಮುಳುಗಿದ್ದರೆ ಸಾಮಾನು ನಡುವಿಗೆ ಸಾಗಿಸಿ.

ನಾಲ್ಕನೆಯದು ಹಾಯಿಯ ವಯಸ್ಸು. ಬೂಮ್‌ನ (ಮೇನ್‌ಸೇಲ್‌ನ ಕೆಳಗಿನ ಅಡ್ಡದಂಡ) ನಡುವಿನಡಿ ನಿಂತು ಮೇಲಕ್ಕೆ ಮೊಬೈಲ್ ಹಿಡಿದು ಮೇನ್‌ಸೇಲ್‌ನ ಫೋಟೋ ತೆಗೆಯಿರಿ. ಹೊಟ್ಟೆಯ ಆಳದ ಜಾಗ ಕಂಬದಿಂದ ಹಿಂದಕ್ಕೆ ಅರ್ಧ ದೂರದೊಳಗೆ ಇರಬೇಕು. ಅದು ಹಿಂದಂಚಿನ ಕಡೆ ಸರಿದು ಚೀಲದಂತೆ ಜೋತಿದ್ದರೆ ಬಟ್ಟೆ ಹಿಗ್ಗಿದೆ. ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಬಿಗಿದರೆ ಹೊಟ್ಟೆ ಒಂದಿಷ್ಟು ಮುಂದೆ ಬರುತ್ತದೆ. ಬರದಿದ್ದರೆ ಹಾಯಿ ಹೊಲಿಯುವವರಿಗೆ ಆ ಫೋಟೋ ತೋರಿಸಿ. ಬಿಸಿಲಿಗೆ ಮುಚ್ಚದೆ ಬಿಟ್ಟ ಹಾಯಿಗೆ ನಮ್ಮ ಕಡಲಲ್ಲಿ ಆಯುಷ್ಯ ಕಡಿಮೆ.

ಇಷ್ಟೆಲ್ಲ ಆದ ಮೇಲೆಯೇ ಕಂಬದ ಓರೆ ಮುಟ್ಟಬೇಕು. ಗಾಳಿಯಿಲ್ಲದ ಬೆಳಿಗ್ಗೆ ಮೇನ್ ಹ್ಯಾಲ್ಯಾರ್ಡ್‌ಗೆ ಒಂದು ಬಕೆಟ್ ನೀರು ತೂಗಿಬಿಟ್ಟು, ಬೂಮ್ ಮಟ್ಟದಲ್ಲಿ ಹಗ್ಗ ಕಂಬದಿಂದ ಎಷ್ಟು ಹಿಂದಿದೆ ಎಂದು ಅಳೆಯಿರಿ. ಈ ಅಳತೆ ದೋಣಿಯ ಮೂಲ ಕಾಗದದಲ್ಲಿದ್ದುದಕ್ಕಿಂತ ಹೆಚ್ಚಿದ್ದರೆ ಕಂಬ ಹಿಂದಕ್ಕೆ ಬಾಗಿದೆ, ಹಾಯಿಯ ಬಲವೂ ಹಿಂದೆ ಸರಿದಿದೆ. ಫೋರ್‌ಸ್ಟೇ (ಕಂಬವನ್ನು ಮುಂದಿನಿಂದ ಹಿಡಿದ ತಂತಿ) ಗಿಡ್ಡ ಮಾಡಿ ಬ್ಯಾಕ್‌ಸ್ಟೇ (ಹಿಂದಿನಿಂದ ಹಿಡಿದದ್ದು) ಸಡಿಲಿಸುವ ಕೆಲಸವನ್ನು ಕಂಬ-ತಂತಿ ಬಲ್ಲ ರಿಗ್ಗರ್‌ಗೆ ಬಿಡಿ. ತಂತಿಗಳ ತಿರುಪು ತಪ್ಪಿ ಒಂದು ಕಡೆ ಪೂರ್ತಿ ಸಡಿಲವಾದರೆ ಕಂಬವೇ ಉರುಳುತ್ತದೆ.

ಇದೆಲ್ಲದರ ನಡುವೆ ಬೂಮ್ ತಲೆಯ ಮಟ್ಟದಲ್ಲಿ ಆಡುತ್ತಿರುತ್ತದೆ ಎಂಬುದನ್ನು ಮರೆಯಬೇಡಿ. ಶೀಟ್ ಬಿಡುವವರು ಕೂಗಿ ಹೇಳಿ ಬಿಡಲಿ.

ಲಕ್ಷಣ: ಕೈ ಬಿಟ್ಟರೆ ಮೂತಿ ಗಾಳಿಯಿಂದ ಆಚೆಗೆ ಓಡುತ್ತದೆ

ಇದು ಮೇಲಿನದರ ತಿರುಗುಮುರುಗು, ಆದರೆ ಅಪಾಯ ಜಾಸ್ತಿ. ಯಾರಾದರೂ ನೀರಿಗೆ ಬಿದ್ದು ಚುಕ್ಕಾಣಿ ಕೈ ತಪ್ಪಿದರೆ ದೋಣಿ ನಿಲ್ಲುವುದಿಲ್ಲ, ಓಡಿಹೋಗುತ್ತದೆ. ಐದು ನಾಟ್‌ಗಿಂತ ಕಡಿಮೆ ಗಾಳಿಯಲ್ಲಿ ಮಾತ್ರ ಹೀಗಾದರೆ ಚಿಂತೆಯಿಲ್ಲ, ಬಹಳ ದೋಣಿಗಳ ಗುಣವದು. ಒಳ್ಳೆಯ ಗಾಳಿಯಲ್ಲೂ ಹೀಗಾದರೆ ಮುಂದೆ ಹಾಯಿ ದೊಡ್ಡದಾಯಿತು, ಹಿಂದೆ ಚಿಕ್ಕದಾಯಿತು ಎಂದು ತಿಳಿಯಿರಿ. ಜೆನೋವಾ (ಮುಂದಿನ ದೊಡ್ಡ ಹಾಯಿ) ಸುತ್ತಿ ಚಿಕ್ಕದು ಮಾಡಿ, ಮೇನ್ ಬಿಗಿಯಿರಿ. ಆಗಲೂ ಹೋಗದಿದ್ದರೆ ಕಂಬ ಮುಂದಕ್ಕೆ ವಾಲಿದೆಯೇ ಎಂದು ಅದೇ ಬಕೆಟ್ ಪರೀಕ್ಷೆ.

ಲಕ್ಷಣ: ದೋಣಿ ಮೊದಲಿನಷ್ಟು ಓಡುತ್ತಿಲ್ಲ

ಮೊದಲ ಶಂಕಿತ ವೇಗ ತೋರಿಸುವ ಯಂತ್ರವೇ. ತಳದಲ್ಲಿ ತಿರುಗುವ ಪುಟ್ಟ ಚಕ್ರಕ್ಕೆ ಒಂದು ಬಾರ್ನಕಲ್ (ಕಚ್ಚಿ ಕೂರುವ ಚಿಪ್ಪುಜೀವಿ) ಅಂಟಿದರೆ ಸಾಕು, ಆರು ನಾಟ್ ಓಡುವ ದೋಣಿ ನಾಲ್ಕು ಎಂದು ತೋರಿಸುತ್ತದೆ. ಮೊಬೈಲಿನ ಜಿಪಿಎಸ್ ತೆರೆದು, ಒಂದೇ ಗೆರೆಯಲ್ಲಿ ಎಂಜಿನ್‌ನಿಂದ ಒಮ್ಮೆ ಹೋಗಿ ಒಮ್ಮೆ ಬಂದು, ಎರಡರ ಸರಾಸರಿ ತೆಗೆಯಿರಿ. ಹೋಗಿ ಬರುವುದರಿಂದ ನೀರಿನ ಸೆಳೆತ ಕಳೆದುಹೋಗುತ್ತದೆ.

ನಿಜವಾಗಿಯೇ ನಿಧಾನ ಎಂದಾದರೆ ನೂರಕ್ಕೆ ತೊಂಬತ್ತು ಪಾಲು ತಳ ಕೊಳೆಯಾಗಿದೆ. ಬೆಚ್ಚಗಿನ, ಕೆಸರು ತುಂಬಿದ ಮುಂಬಯಿ ಬಂದರು ಬಾರ್ನಕಲ್‌ಗೆ ತವರುಮನೆ. ನಿಲ್ಲಿಸಿಟ್ಟ ದೋಣಿಗೆ ಓಡುವ ದೋಣಿಗಿಂತ ಬೇಗ ಅಂಟುತ್ತದೆ. ನೀರುಗೆರೆಯಲ್ಲಿ ಹಸಿರು ಪಾಚಿ ಕಂಡರೆ ಕೆಳಗೆ ಅದರ ಹತ್ತರಷ್ಟಿರುತ್ತದೆ. ಕೈಗೆ ದಪ್ಪ ರಬ್ಬರ್ ಗ್ಲೌಸ್ ಹಾಕಿ ಡಿಂಗಿಯಿಂದ ಬಾಗಿ ಮೊಳದಾಳ ಸವರಿ. ಜಾರಿಕೆ ಇದ್ದರೆ ಲೋಳೆ, ಬಟ್ಟೆ ಬ್ರಷ್ ಸಾಕು. ಕೊರಕೊರ ಎಂದರೆ ಬಾರ್ನಕಲ್, ಪಟ್ಟಿ ಹಾಕಿ ಕೆರೆಯಬೇಕು. ಬರಿಗೈ ಬೇಡ. ಬಾರ್ನಕಲ್ ಕೊಯ್ದ ಗಾಯ ಬಂದರಿನ ನೀರಲ್ಲಿ ಕೀವಾಗದೆ ಬಿಡುವುದು ಕಡಿಮೆ.

ಫ್ಯಾನ್, ಅಂದರೆ ಪ್ರೊಪೆಲ್ಲರ್, ಇನ್ನೊಂದು. ಎಂಜಿನ್ ಪೂರ್ತಿ ಆರ್‌ಪಿಎಂಗೆ ಏರುತ್ತಿಲ್ಲ, ಕಪ್ಪು ಹೊಗೆ ಉಗುಳುತ್ತದೆ, ದೋಣಿ ಮಾತ್ರ ಮುಂದೆ ಹೋಗುತ್ತಿಲ್ಲ ಎಂದರೆ ರೆಕ್ಕೆಗಳ ಮೇಲೆ ಬಾರ್ನಕಲ್ ಬೆಳೆದಿದೆ ಅಥವಾ ಬಲೆಯ ಚೂರು ಸುತ್ತಿಕೊಂಡಿದೆ. ಮೆಕ್ಯಾನಿಕ್‌ನನ್ನು ಕರೆದು ಇಂಜೆಕ್ಟರ್ ಬಿಚ್ಚಿಸುವ ಮೊದಲು ಇದನ್ನು ನೋಡಿ. ನೋಡುವುದು ಮುಳುಗುವವರ ಕೆಲಸ. ಈ ನೀರಲ್ಲಿ ಚಾಚಿದ ಕೈ ಕಾಣುವುದಿಲ್ಲ, ಇಳಿತ ಶುರುವಾದರೆ ಸೆಳೆತಕ್ಕೆ ಈಜುಗಾರನೂ ನಿಲ್ಲಲಾರ. ಕೆಳಗೆ ಯಾರು ಇಳಿದರೂ ನೀರು ನಿಂತ ಹೊತ್ತಲ್ಲೇ ಇಳಿಯಲಿ, ಮೇಲೊಬ್ಬರು ಹಗ್ಗ ಹಿಡಿದಿರಲಿ, ಎಂಜಿನ್ ಕೀಲಿ ಇಳಿದವರ ಮಣಿಕಟ್ಟಿಗೆ ಕಟ್ಟಿರಲಿ.

ಮೂರು ರೆಕ್ಕೆಯ ಗಟ್ಟಿ ಫ್ಯಾನ್ ಶುದ್ಧವಾಗಿದ್ದರೂ ಹಾಯಿಯಲ್ಲಿ ಓಡುವಾಗ ಅರ್ಧ ನಾಟ್, ಕೆಲವೊಮ್ಮೆ ಇನ್ನೂ ಹೆಚ್ಚು ಕಸಿದುಕೊಳ್ಳುತ್ತದೆ. ಅದು ಸ್ವಭಾವ. ಮಡಚುವ ಫ್ಯಾನ್ ಹಾಕಿಸಬಹುದು, ಬೆಲೆ ಕೇಳಿದ ಮೇಲೆ ಅರ್ಧ ನಾಟ್ ಹೋದರೆ ಹೋಗಲಿ ಅನ್ನಿಸುವುದೂ ಉಂಟು.

ಉಳಿದದ್ದು ಹೊರೆ. ಮೂವತ್ತು ಅಡಿಯ ದೋಣಿ ಒಂದು ಸೆಂಟಿಮೀಟರ್ ಮುಳುಗಲು ಸುಮಾರು ಒಂದೂವರೆ ಎರಡು ಕ್ವಿಂಟಲ್ ಬೇಕು. ನೀರುಗೆರೆ ನಾಲ್ಕು ಬೆರಳು ಮೇಲೆ ಬಂದಿದ್ದರೆ ಟನ್ ಹೊರೆ ಒಳಗಿದೆ. ಸಾಮಾನಲ್ಲದಿದ್ದರೆ ನೀರು. ಆಗ ಕೆಳಗಿನ 'ಒಳಗೆ ನೀರು' ಭಾಗಕ್ಕೆ ಬನ್ನಿ.

ಲಕ್ಷಣ: ಗಾಳಿಯ ಕಡೆಗೆ ಏರುವುದಿಲ್ಲ, ಪಕ್ಕಕ್ಕೆ ಜಾರುತ್ತದೆ

ಮಾಂಡ್ವಾದಿಂದ ಗೇಟ್‌ವೇ ಏಳೆಂಟು ನಾಟಿಕಲ್ ಮೈಲು, ದಿಕ್ಕು ಉತ್ತರ-ವಾಯವ್ಯ. ಮಧ್ಯಾಹ್ನದ ಗಾಳಿಯೂ ವಾಯವ್ಯದ್ದೇ. ಅಂದರೆ ಬರುವ ದಾರಿ ಪೂರ್ತಿ ಗಾಳಿಗೆ ಎದುರು, ಅಂಕುಡೊಂಕಾಗಿ ಏರಬೇಕು. ಇದರ ಮೇಲೆ ಇಳಿತವೂ ಇದ್ದರೆ ಬಂದರಿನ ನೀರೆಲ್ಲ ನಿಮ್ಮ ಎದುರಿಗೇ ಹೊರಗೆ ಹರಿಯುತ್ತಿರುತ್ತದೆ. ಲೆಕ್ಕ ಹಾಕಿ: ದೋಣಿ ಐದು ನಾಟ್ ಓಡುತ್ತಿದೆ, ಗಾಳಿಗೆ ಐವತ್ತು ಡಿಗ್ರಿಯಲ್ಲಿದೆ. ಗಾಳಿಗೆ ಎದುರಾಗಿ ಗಳಿಸುವುದು 3.2 ನಾಟ್. ಎರಡು ನಾಟ್ ಸೆಳೆತ ಕಳೆದರೆ ಉಳಿಯುವುದು 1.2. ಒಂದು ಗಂಟೆ ಓಡಿದರೂ ತಾಜ್ ಹೋಟೆಲಿನ ಗುಮ್ಮಟ ಇದ್ದಲ್ಲೇ ಇದ್ದಂತೆ ಕಾಣುತ್ತದೆ, ದೋಣಿಯ ವಿನ್ಯಾಸದ ಮೇಲೆ ಬೈಗುಳ ಬೀಳುತ್ತದೆ. ಹಾಗಾಗಿ ಮೊದಲ ಪರೀಕ್ಷೆ ಉಬ್ಬರ-ಇಳಿತದ ಪಟ್ಟಿ ನೋಡುವುದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬಯಿಯ ಏರಿಳಿತ ಗೋವಾದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಗೋವಾದಲ್ಲಿ ಕಲಿತು ಇಲ್ಲಿಗೆ ಬಂದವರು ಮೊದಲು ಮೋಸ ಹೋಗುವುದು ಇಲ್ಲೇ.

ನೀರು ನಿಂತ ಹೊತ್ತಲ್ಲಿ ಮತ್ತೆ ಪರೀಕ್ಷಿಸಿ. ಕಂಪಾಸ್ ತೋರಿಸುವ ಮೂತಿಯ ದಿಕ್ಕಿಗೂ ಜಿಪಿಎಸ್ ತೋರಿಸುವ ನಿಜ ದಾರಿಗೂ ಇರುವ ವ್ಯತ್ಯಾಸವೇ ಜಾರಿಕೆ. ನಾಲ್ಕರಿಂದ ಆರು ಡಿಗ್ರಿ ಸಹಜ. ಹತ್ತು ದಾಟಿದರೆ ಕೇಳಬೇಕಾದ ಪ್ರಶ್ನೆ: ದೋಣಿ ಆಗ ಎಷ್ಟು ವೇಗದಲ್ಲಿತ್ತು?

ಕೀಲ್ ನೀರಿನೊಳಗಿನ ರೆಕ್ಕೆ. ಅದರ ಮೇಲೆ ನೀರು ಹರಿದರಷ್ಟೇ ಅದು ಪಕ್ಕದ ತಳ್ಳುವಿಕೆಯನ್ನು ತಡೆಯುತ್ತದೆ. ಗಾಳಿಗೆ ಹತ್ತಿರ ಹೋಗುವ ಆಸೆಯಿಂದ ಮೂತಿಯನ್ನು ಒತ್ತಿ ಏರಿಸಿದರೆ ವೇಗ ಬೀಳುತ್ತದೆ, ವೇಗ ಬಿದ್ದಾಗ ಕೀಲ್ ಕೈಚೆಲ್ಲುತ್ತದೆ, ದೋಣಿ ಪಕ್ಕಕ್ಕೆ ಜಾರುತ್ತದೆ. ಪರದೆಯ ಮೇಲೆ ಮೂತಿ ಚೆನ್ನಾಗಿ ಏರಿದಂತೆ ಕಂಡರೂ ದಾರಿ ಏರುವುದಿಲ್ಲ. ಐದು ಡಿಗ್ರಿ ಕೆಳಗೆ ಬಿಟ್ಟು, ಎರಡು ನಿಮಿಷ ವೇಗ ಕಟ್ಟಿ, ಮತ್ತೆ ನಿಧಾನ ಏರಿಸಿ ನೋಡಿ. ಉದ್ದ ಕೀಲ್‌ನ ಮತ್ತು ಆಳ ಕಡಿಮೆಯ ಕೀಲ್‌ನ ದೋಣಿಗಳಿಗೆ ಇದು ಇನ್ನೂ ಮುಖ್ಯ. ಸಾಮಾನ್ಯ ಕ್ರೂಸಿಂಗ್ ದೋಣಿ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ತಿರುಗಿದಾಗ ದಿಕ್ಕು ತೊಂಬತ್ತರಿಂದ ನೂರು ಡಿಗ್ರಿ ಬದಲಾದರೆ ಅದು ಆರೋಗ್ಯವಾಗಿದೆ. ಎಂಬತ್ತು ಬೇಕೆಂದರೆ ಬೇರೆ ದೋಣಿ ಕೊಳ್ಳಬೇಕು.

ನೂರಹತ್ತು, ನೂರಿಪ್ಪತ್ತು ಬರುತ್ತಿದ್ದರೆ ಜಿಬ್‌ನ (ಕಂಬದ ಮುಂದಿನ ಹಾಯಿ) ಮುಂದಂಚಿನ ಉಣ್ಣೆದಾರಗಳನ್ನು ನೋಡಿ. ಇಲ್ಲದಿದ್ದರೆ ಮನೆಯ ಉಣ್ಣೆಯ ಎಳೆ ಅಂಟಿಸಿ, ಟೆಲ್‌ಟೇಲ್‌ಗೆ ಅಷ್ಟೇ ಸಾಕು. ಒಳಗಿನ ದಾರ ಮೇಲಕ್ಕೆ ಕುಣಿದರೆ ಅತಿ ಏರಿದ್ದೀರಿ, ಹೊರಗಿನದು ಕುಣಿದರೆ ಹಾಯಿ ಅತಿ ಬಿಗಿಯಾಗಿದೆ. ಮೇಲಿನ ಒಳದಾರಗಳು ಮೊದಲು ಕುಣಿದರೆ ಶೀಟ್ ಹಾಯುವ ಕಾರ್ (ಹಳಿಯ ಮೇಲೆ ಜಾರುವ ರಾಟೆ) ಮುಂದೆ ಸರಿಸಿ, ಕೆಳಗಿನವು ಮೊದಲಾದರೆ ಹಿಂದೆ. ಅದಾದ ಮೇಲೆ ಫೋರ್‌ಸ್ಟೇ. ಗಾಳಿಯ ಒತ್ತಡಕ್ಕೆ ಅದು ಬಿಲ್ಲಿನಂತೆ ಪಕ್ಕಕ್ಕೆ ಬಾಗಿದರೆ ಜಿಬ್ ಹೊಟ್ಟೆ ಬಿಡುತ್ತದೆ, ದೋಣಿ ಏರುವುದಿಲ್ಲ. ಬ್ಯಾಕ್‌ಸ್ಟೇ ಬಿಗಿದರೆ ನೆಟ್ಟಗಾಗುತ್ತದೆ. ಬಿಗಿಯುವ ಮೊದಲು ತಂತಿ ತಿರುಪುಗಳ ಬುಡದಲ್ಲಿ ಕಣ್ಣಾಡಿಸಿ. ಸ್ಟೀಲ್ ತಂತಿಯ ಒಂದೇ ಒಂದು ಎಳೆ ಮುರಿದು ಮುಳ್ಳಿನಂತೆ ಹೊರ ಬಂದಿದ್ದರೂ ಅವತ್ತಿನ ಹಾಯಿ ಅಲ್ಲಿಗೇ ನಿಲ್ಲಲಿ. ಉಪ್ಪುನೀರು ತಂತಿಯನ್ನು ತುದಿಯ ಹಿಡಿಕೆಯ ಒಳಗಿನಿಂದ ತಿನ್ನುತ್ತದೆ, ಹೊರಗೆ ಕಾಣುವುದು ಕೊನೆಯ ಹಂತ.

ಲಕ್ಷಣ: ತಿರುಗಿಸುವಾಗ ಗಾಳಿಗೆ ಮುಖ ಮಾಡಿ ನಿಂತುಬಿಡುತ್ತದೆ

ಉದ್ದ ಕೀಲ್ ಇದ್ದರೆ ಇದು ದೋಷವಲ್ಲ. ವೇಗ ಕಟ್ಟಿಕೊಂಡು, ಚುಕ್ಕಾಣಿಯನ್ನು ಒಮ್ಮೆಲೇ ತಳ್ಳದೆ ನಿಧಾನ ತಿರುಗಿಸಿ, ಜಿಬ್ ಇನ್ನೊಂದು ಕಡೆಯಿಂದ ಗಾಳಿ ಹಿಡಿಯುವ ತನಕ ಬಿಡದಿರಿ. ಹಿಂದೆ ಸರಾಗ ತಿರುಗುತ್ತಿದ್ದ ಫಿನ್ ಕೀಲ್ ದೋಣಿ ಈಗ ನಿಲ್ಲುತ್ತಿದ್ದರೆ ತಳದ ಕೊಳೆ ನೋಡಿ.

ಲಕ್ಷಣ: ಬೇಗ ವಾಲುತ್ತದೆ, ಭಯವಾಗುತ್ತದೆ

ಹೊಸಬರನ್ನು ಕರೆದೊಯ್ದಾಗ ಮೊದಲು ಬರುವ ಮಾತು ಇದು. ಐವತ್ತು ಅರವತ್ತು ವರ್ಷ ಹಳೆಯ ವಿನ್ಯಾಸದ, ಅಗಲ ಕಡಿಮೆಯ, ಕೀಲ್ ಭಾರದ ದೋಣಿ ಸ್ವಲ್ಪ ಗಾಳಿಗೇ ಹದಿನೈದು ಡಿಗ್ರಿ ವಾಲಿ, ಅಲ್ಲಿ ಭುಜ ಊರಿ ಗಟ್ಟಿಯಾಗುತ್ತದೆ. ಇತ್ತೀಚಿನ ಅಗಲದ ದೋಣಿ ಬಹಳ ಹೊತ್ತು ನೆಟ್ಟಗಿದ್ದು, ಒಂದು ಹಂತ ದಾಟಿದ ಮೇಲೆ ಚುಕ್ಕಾಣಿ ಅರ್ಧ ನೀರಿನಿಂದ ಹೊರಬಂದು ತಟ್ಟನೆ ಗಾಳಿಯತ್ತ ತಿರುಗುತ್ತದೆ. ಮೊದಲು ಹೆದರಿಸುವ ದೋಣಿಯೇ ಕೊನೆಗೆ ಹೆಚ್ಚು ಕ್ಷಮಿಸುವುದು. ಅಗಲದ ಬಲ ಶುರುವಿನಲ್ಲಿ, ಕೀಲ್‌ನ ಬಲ ಕೊನೆಯಲ್ಲಿ. ಒಟ್ಟು ತೂಕದ ಮೂರನೇ ಒಂದಕ್ಕಿಂತ ಹೆಚ್ಚು ಕೀಲ್‌ನಲ್ಲಿದ್ದರೆ ನೆಮ್ಮದಿ.

ಅಗ್ಗದ ಗುಳ್ಳೆಯ ಕೋನಮಾಪಕವನ್ನು ಒಳಬಾಗಿಲ ಪಕ್ಕ ತಿರುಪಿ ಕೂರಿಸಿ. ಇಪ್ಪತ್ತು ಡಿಗ್ರಿವರೆಗೆ ಸಹಜ. ಇಪ್ಪತ್ತೈದು ದಾಟಿದಾಗ ವೇಗವೂ ಇಳಿಯುತ್ತದೆ, ರೀಫ್ ಹಾಕಿ. ಹಾಕಬೇಕೇ ಬೇಡವೇ ಎಂಬ ಅನುಮಾನ ಬಂದ ಹೊತ್ತೇ ಹಾಕುವ ಹೊತ್ತು.

ಇಲ್ಲಿ ದೋಷದ ಗುರುತು ಬದಲಾವಣೆ. ದೋಣಿ ಚೆನ್ನಾಗಿರುವಾಗ ಮೂರಿಂಗ್‌ನಲ್ಲಿ ಒಬ್ಬರು ಅಂಚಿನಲ್ಲಿ ನಿಂತು ಜಗ್ಗಿ ತೂಗಾಡಿಸಿ, ಹತ್ತು ತೂಗಾಟಕ್ಕೆ ಎಷ್ಟು ಸೆಕೆಂಡ್ ಎಂದು ಬರೆದಿಡಿ. ಮುಂದೊಂದು ದಿನ ಅದೇ ತೂಗಾಟ ಆಲಸಿಯಾಗಿ, ಒಂದು ಮಗ್ಗುಲಲ್ಲಿ ತುಸು ಹೊತ್ತು ತಡೆದು ಏಳುತ್ತಿದ್ದರೆ ಮೇಲೆ ಭಾರ ಹೆಚ್ಚಿದೆ, ಇಲ್ಲ ಒಳಗೆ ನೀರು ಓಡಾಡುತ್ತಿದೆ. ಡೆಕ್ ಮೇಲೆ ಕಟ್ಟಿದ ಡಿಂಗಿ, ಹಿಂದಿನ ಕಮಾನಿಗೆ ಏರಿಸಿದ ಸೋಲಾರ್ ಫಲಕ, ಡೆಕ್ ಮೇಲಿನ ಡೀಸೆಲ್ ಕ್ಯಾನುಗಳು ಒಂದೊಂದೂ ಸಣ್ಣದು, ಸೇರಿದಾಗ ಸಣ್ಣದಲ್ಲ.

ಲಕ್ಷಣ: ಒಳಗೆ ನೀರು

ಬಿಲ್ಜ್‌ನ (ದೋಣಿಯೊಳಗಿನ ತಳದ ತಗ್ಗು) ನೀರನ್ನು ಬಾಯಿಗೆ ಹಾಕಿ ಉಪ್ಪು ನೋಡುವ ಹಳೆ ಅಭ್ಯಾಸ ಬಿಡಿ. ಒಂದು ಲೋಟ ತೆಗೆದು ಸ್ನಾನದ ಸಾಬೂನಿನ ಬಿಲ್ಲೆ ಉಜ್ಜಿ. ನೊರೆ ಸಲೀಸಾಗಿ ಬಂದರೆ ಸಿಹಿನೀರು: ಟ್ಯಾಂಕ್ ಸೋರುತ್ತಿದೆ ಅಥವಾ ಮಳೆನೀರು ಕಂಬದ ಒಳಗಿಂದ ಇಳಿದಿದೆ. ನೊರೆಯೇಳದೆ ಒಡೆದುಹೋದರೆ ಕಡಲಿನದು. ಬಣ್ಣವೂ ಎಣ್ಣೆ ಜಿಡ್ಡೂ ಇದ್ದರೆ ಎಂಜಿನ್ ಕಡೆ ಹೋಗಿ.

ಕಡಲಿನದಾದರೆ ಬಿಲ್ಜ್ ಒರೆಸಿ ಒಣಗಿಸಿ, ಟಾಯ್ಲೆಟ್ ಪೇಪರ್ ತುಂಡುಗಳನ್ನು ಫ್ಯಾನ್ ಶಾಫ್ಟ್ ಹೊರಹೋಗುವ ಗ್ಲ್ಯಾಂಡ್ ಕೆಳಗೆ, ಪ್ರತಿ ಸೀಕಾಕ್ (ತಳದ ತೂತಿಗೆ ಕೂರಿಸಿದ ನಲ್ಲಿ) ಬುಡದಲ್ಲಿ, ಚುಕ್ಕಾಣಿ ದಂಡದ ಸುತ್ತ, ಕೀಲ್ ಬೋಲ್ಟ್‌ಗಳ ಮೇಲೆ ಇಡಿ. ಮೊದಲು ಒದ್ದೆಯಾದದ್ದು ಉತ್ತರ ಹೇಳುತ್ತದೆ. ಹಳೆಯ ಹಗ್ಗ ತುಂಬಿದ ಗ್ಲ್ಯಾಂಡ್ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬಿಡಬೇಕು, ಅದು ತಂಪಿಗೆ. ನಿಂತಾಗಲೂ ಸುರಿದರೆ ನಟ್ ಸ್ವಲ್ಪ ಬಿಗಿಯಿರಿ. ಪೂರ್ತಿ ಒಣಗಿಸಿದರೆ ಶಾಫ್ಟ್ ಸುಡುತ್ತದೆ. ಪ್ರತಿ ಸೀಕಾಕ್ ಪಕ್ಕ ಆ ತೂತಿನ ಅಳತೆಯ ಮರದ ಬಿರಡೆ ದಾರದಲ್ಲಿ ಕಟ್ಟಿರಲಿ. ಪಂಪ್ ಬಿಡದೆ ಓಡುತ್ತಿದೆ, ಆದರೂ ನೀರು ಏರುತ್ತಿದೆ ಎಂದರೆ ಹುಡುಕಾಟ ನಿಲ್ಲಿಸಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಕರೆಯಿರಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554.

ಲಕ್ಷಣ: ಚುಕ್ಕಾಣಿಯಲ್ಲಿ ಟಕಟಕ, ಕೀಲ್ ಸೇರುವಲ್ಲಿ ಬಿರುಕು

ಇಲ್ಲಿಂದ ಮುಂದೆ ಪರೀಕ್ಷೆ ಮಾತ್ರ ನಿಮ್ಮದು, ರಿಪೇರಿ ನಿಮ್ಮದಲ್ಲ.

ಅಲೆಯಿಲ್ಲದ ಹೊತ್ತು ಟಿಲ್ಲರ್ ಒಬ್ಬರು ಗಟ್ಟಿ ಹಿಡಿಯಲಿ, ಇನ್ನೊಬ್ಬರು ಡಿಂಗಿಯಿಂದ ಚುಕ್ಕಾಣಿಯ ಹಿಂದಂಚನ್ನು ಕೈಯಲ್ಲಿ ಅಲ್ಲಾಡಿಸಲಿ. ಮಿಲಿಮೀಟರ್ ಎರಡು ಆಡಿದರೆ ಬುಶ್ ಸವೆತ, ಮುಂದಿನ ಮಳೆಗಾಲದ ಕೆಲಸ. ಟಿಲ್ಲರ್ ನಿಂತಿದ್ದರೂ ಚುಕ್ಕಾಣಿಯ ಹಲಗೆ ಬೇರೆಯಾಗಿ ತಿರುಗಿದರೆ ಒಳಗಿನ ಲೋಹದ ಚೌಕಟ್ಟು ದಂಡದಿಂದ ಬಿಟ್ಟಿದೆ. ಮೂರಿಂಗ್ ಬಿಡಬೇಡಿ. ವ್ಹೀಲ್ ಇದ್ದವರು ತುರ್ತು ಟಿಲ್ಲರ್ ಎಲ್ಲಿದೆ ಎಂದು ಮಾತ್ರ ತಿಳಿದರೆ ಸಾಲದು, ಒಮ್ಮೆ ಕೂರಿಸಿ ನೋಡಿರಬೇಕು. ಎಷ್ಟೋ ದೋಣಿಗಳಲ್ಲಿ ಅದು ವ್ಹೀಲಿಗೆ ತಾಗಿ ತಿರುಗುವುದೇ ಇಲ್ಲ.

ಕೀಲ್ ಮಾತು ಬೇರೆ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ 'ಚೀಕಿ ರಫಿಕಿ' ಎಂಬ ಬ್ರಿಟಿಷ್ ದೋಣಿಯ ಕೀಲ್ ಕಳಚಿ ದೋಣಿ ಮಗುಚಿತು, ಒಳಗಿದ್ದ ನಾಲ್ವರೂ ಹೋದರು. ಅದಕ್ಕೂ ಮೊದಲು ತಳ ನೆಲಕ್ಕೆ ತಾಗಿದ್ದು, ಆಮೇಲಿನ ರಿಪೇರಿಗಳು ಸೇರಿ ಕೀಲ್ ಹಿಡಿದ ಭಾಗವನ್ನು ದುರ್ಬಲ ಮಾಡಿರಬಹುದು ಎಂದು ಅಲ್ಲಿನ ಸಾಗರ ಅಪಘಾತ ತನಿಖಾ ಸಂಸ್ಥೆ ಬರೆಯಿತು. ಮೆತ್ತಗಿನ ಕೆಸರಿಗೆ ತಾಗಿದ್ದು, ಏನೂ ಆಗಿಲ್ಲ ಎನ್ನುವ ಮಾತು ಮುಂಬಯಿಯಲ್ಲೂ, ಮಾಂಡೋವಿಯ ಮರಳುದಿಬ್ಬದ ಹತ್ತಿರವೂ ಸದಾ ಕೇಳಿಸುತ್ತದೆ. ಕೆಸರಾದರೆ ಬಹಳ ಸಲ ನಿಜ. ಕಲ್ಲಾದರೆ, ಇಲ್ಲವೇ ಅಲೆಯಲ್ಲಿ ಎದ್ದು ಬಿದ್ದು ಬಡಿದಿದ್ದರೆ, ನೋಡದೆ ನಂಬಬೇಡಿ.

ನೋಡುವುದು ಹೀಗೆ. ಒಳಗೆ ನೆಲದ ಹಲಗೆ ಎತ್ತಿ ಕೀಲ್ ಬೋಲ್ಟ್‌ಗಳ ಸುತ್ತ ತುಕ್ಕಿನ ಗೆರೆ, ವಾಷರ್ ಒಳಗೆ ಹೂತಂತೆ ತಗ್ಗು, ಫೈಬರ್‌ನಲ್ಲಿ ಬಿಳಿಚಿದ ಕೂದಲೆಳೆ ಬಿರುಕು ಇದೆಯೇ ಎಂದು ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಅಡ್ಡ ತೊಲೆಗಳ ಅಂಚನ್ನು ಸಣ್ಣ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ದಪ್ಪ್ ಎಂದರೆ ಅಂಟು ಬಿಟ್ಟಿದೆ. ಹೊರಗೆ, ಮಳೆಗಾಲಕ್ಕೆ ದೋಣಿ ಮೇಲೆತ್ತುವ ದಿನ ಕ್ರೇನ್ ಹತ್ತಿರವೇ ಇರಿ. ಕೀಲ್‌ನ ಮುಂದಿನ ತುದಿ ತಳಕ್ಕೆ ಸೇರುವಲ್ಲಿ ನಗುವ ಬಾಯಂಥ ಬಿರುಕಿದ್ದರೆ ಪಟ್ಟಿಯಲ್ಲಿ ತೂಗುವಾಗ ಫೋಟೋ ತೆಗೆಯಿರಿ, ಕೀಲ್ ಮೇಲೆ ಕೂರಿಸಿದ ಮೇಲೆ ಇನ್ನೊಂದು. ಎರಡರಲ್ಲಿ ಬಿರುಕಿನ ಅಗಲ ಬದಲಾಗಿದ್ದರೆ ಅದು ಬಣ್ಣದ ಬಿರುಕಲ್ಲ. ತೂಗುವಾಗಲೇ ಕೀಲ್‌ನ ಕೆಳತುದಿಯನ್ನು ಪಕ್ಕದಿಂದ ತಳ್ಳಿ; ಕೆಳಗೆ ನಿಂತಲ್ಲ, ಪಕ್ಕದಿಂದ. ಕದಲಿದ್ದು ಕಣ್ಣಿಗೆ ಕಂಡರೆ ಆ ದೋಣಿ 'ಫಿಲ್ಲರ್ ಹಾಕಿ ಬಣ್ಣ ಬಳಿ' ಎಂಬ ಸಲಹೆಗೆ ಸಿಗಬಾರದು.

ದೋಣಿ ಪರೀಕ್ಷಿಸುವ ಸರ್ವೇಯರ್‌ಗೆ ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ಮೊದಲು ಬರೆದ ಆ ಹಾಳೆ, ಎರಡು ಫೋಟೋ, ದೋಣಿ ಕೊನೆಯ ಸಲ ತಳ ತಾಗಿದ್ದು ಯಾವ ಜಾಗದಲ್ಲಿ, ಎಷ್ಟು ವೇಗದಲ್ಲಿ, ಕಲ್ಲಿಗೋ ಮಣ್ಣಿಗೋ. ಪಾಲುದಾರರಲ್ಲಿ ಯಾರ ಕೈಯಲ್ಲಿ ತಾಗಿತು ಎಂಬ ಜಗಳವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಆ ಜಗಳದ ಹೆದರಿಕೆಗೇ ಎಷ್ಟೋ ತಾಗಿದ ಸುದ್ದಿ ಹೊರಗೆ ಬರುವುದಿಲ್ಲ. ಬೋಲ್ಟ್ ತೆಗೆದು ನೋಡಬೇಕು ಎಂದು ಸರ್ವೇಯರ್ ಹೇಳಿದರೆ ಜೂನ್‌ನಲ್ಲೇ ಒಪ್ಪಿಕೊಳ್ಳಿ. ಸೆಪ್ಟೆಂಬರ್ ಹೊತ್ತಿಗೆ ಯಾರ್ಡ್‌ನಲ್ಲಿ ಎಲ್ಲರ ದೋಣಿಯೂ ಒಟ್ಟಿಗೇ ಇಳಿಯಬೇಕಿರುತ್ತದೆ, ಕ್ರೇನ್ ಸಿಗುವುದಿಲ್ಲ.